ನೀರಿಗೆ ದಾರಿ ಬಿಟ್ಟ ಗೋಡೆಗಳು: ಸಫೋಕ್ ಕೌಂಟಿಯ ಚರ್ಚು, ಹಳ್ಳಿ ಬೀದಿ

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಮಡಿಕೇರಿ ಕಡೆಯ ಹಳೆಯ ಮನೆಗಳಿಗೆ ಹೋದರೆ ಗೋಡೆಯ ಬುಡದಿಂದ ಎರಡು ಮೂರು ಅಡಿ ಥಂಡಿ ಏರಿರುತ್ತದೆ. ಬಣ್ಣ ಗುಳ್ಳೆ ಎದ್ದಿರುತ್ತದೆ, ಬೆರಳಿಟ್ಟರೆ ಗಿಲಾವು ಪುಡಿಯಾಗಿ ಉದುರುತ್ತದೆ. ಮಳೆ ನಿಂತ ಮೇಲೆ ಮೇಸ್ತ್ರಿಯನ್ನು ಕರೆಸಿ, ಹಳೇ ಗಾರೆ ಕೆತ್ತಿಸಿ, ಸಿಮೆಂಟ್ ಬಳಿಸುತ್ತೇವೆ. ಮರುವರ್ಷ ಥಂಡಿಯ ಗೆರೆ ಇನ್ನೊಂದಡಿ ಮೇಲೆ ಕಾಣಿಸಿಕೊಳ್ಳುತ್ತದೆ. ಇಂಗ್ಲೆಂಡಿನವರು ತಮ್ಮ ಹಳ್ಳಿ ಚರ್ಚುಗಳಿಗೆ ಇದನ್ನೇ ನಮಗಿಂತ ಮೊದಲು ಮಾಡಿದರು, ಪೆಟ್ಟು ತಿಂದರು, ಈಗ ಒಂದೊಂದೇ ಗೋಡೆ ಹಿಡಿದು ತಿದ್ದುತ್ತಿದ್ದಾರೆ. ಹಾಗಾಗಿ ಆ ಚರ್ಚುಗಳನ್ನು ಫೋಟೋಗಾಗಿ ನೋಡುವುದಕ್ಕಿಂತ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಕೊಡಗಿನವರಿಗೆ ಲಾಭ ಹೆಚ್ಚು.

ಇದಕ್ಕೆ ಒಳ್ಳೆಯ ಜಾಗ ಸಫೋಕ್. ಲಂಡನ್ನಿನ ಈಶಾನ್ಯಕ್ಕೆ, ಉತ್ತರ ಸಮುದ್ರದ ದಂಡೆಯಲ್ಲಿರುವ ಕೌಂಟಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅಂದರೆ ನಮ್ಮ ಮಡಿಕೇರಿಯಲ್ಲಿ ಆಟಿ ಮಳೆ ಹಿಡಿದರೆ ಕೆಲವೇ ವಾರದಲ್ಲಿ ಸುರಿಯುವಷ್ಟು. ಆದರೆ ಅಲ್ಲಿ ಚಳಿಗಾಲದಲ್ಲಿ ಗೋಡೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಹಿಗ್ಗಿದಾಗ ಕಲ್ಲನ್ನು ಸೀಳುತ್ತದೆ. ನಮ್ಮ ಕಷ್ಟ ನೀರಿನ ಪ್ರಮಾಣದ್ದು, ಅವರದ್ದು ಹಿಮದ್ದು. ಮದ್ದು ಮಾತ್ರ ಒಂದೇ. ಈ ಕೌಂಟಿಯೊಂದರಲ್ಲೇ ಮಧ್ಯಯುಗದ ಚರ್ಚುಗಳು ಸುಮಾರು 500 ಇವೆ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಭೂಮಿಯ ಲೆಕ್ಕದ ದಪ್ತರದಲ್ಲೇ ಸಫೋಕ್‌ನಲ್ಲಿ 400ಕ್ಕೂ ಹೆಚ್ಚು ಚರ್ಚುಗಳು ದಾಖಲಾಗಿವೆ.

ಮೊದಲು ಗೋಡೆ. ಸಫೋಕ್‌ನಲ್ಲಿ ಕಟ್ಟಡಕ್ಕೆ ಆಗುವ ಒಳ್ಳೆಯ ಕಲ್ಲಿನ ಗಣಿ ಇಲ್ಲ. ಸಿಗುವುದು ಸೀಮೆಸುಣ್ಣದ ಪದರಗಳ ನಡುವೆ ಗಡ್ಡೆಗಡ್ಡೆಯಾಗಿ ಹುಟ್ಟುವ ಚಕಮಕಿ ಕಲ್ಲು. ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದನ್ನೂ ಕಡಲ ದಂಡೆಯಲ್ಲಿ ಆಯ್ದದ್ದನ್ನೂ ಗಾಡಿಯಲ್ಲಿ ತಂದು ಕಟ್ಟಿದ್ದಾರೆ. ಹೊರಗೆ ಬಿಳಿ ಸಿಪ್ಪೆ, ಒಡೆದರೆ ಒಳಗೆ ಗಾಜಿನಂತೆ ಹೊಳೆಯುವ ಕಪ್ಪು. ಈ ಕಲ್ಲಿಗೆ ಎರಡು ಗುಣ. ಒಂದು, ಚೌಕಾಕಾರಕ್ಕೆ ಸುಲಭವಾಗಿ ಬಾರದು, ಆದ್ದರಿಂದ ಮೂಲೆ ಕಟ್ಟುವುದು ಕಷ್ಟ. ಮೂಲೆಗೆ, ಕಿಟಕಿ ಚೌಕಟ್ಟಿಗೆ ಬೇಕಾದ ಸುಣ್ಣಕಲ್ಲನ್ನು ಬಾರ್ನಾಕ್ ಗಣಿಯಿಂದ, ಫ್ರಾನ್ಸಿನ ಕಾಂ ಊರಿನಿಂದ ದೋಣಿಯಲ್ಲಿ ತರಿಸಬೇಕಿತ್ತು. ಸಫೋಕ್‌ನಲ್ಲಿ ಸುಮಾರು 40 ಚರ್ಚುಗಳ ಗೋಪುರ ದುಂಡಗಿರುವುದಕ್ಕೆ ಮೂಲೆಗಲ್ಲಿನ ಖರ್ಚು ಉಳಿಸಿದ್ದೇ ಕಾರಣ ಎನ್ನುವವರಿದ್ದಾರೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಎರಡನೇ ಗುಣ, ಚಕಮಕಿ ಕಲ್ಲು ಒಂದು ಹನಿ ನೀರನ್ನೂ ಕುಡಿಯುವುದಿಲ್ಲ. ಇಡೀ ಗೋಡೆಯ ಹಣೆಬರಹ ನಿಂತಿರುವುದು ಇದರ ಮೇಲೆ.

ಇಟ್ಟಿಗೆ ಗಾರೆಯ ನೀರನ್ನು ಎಳೆದುಕೊಳ್ಳುತ್ತದೆ, ಆಗ ಗಾರೆ ಬೇಗ ಬಿಗಿಯುತ್ತದೆ. ಚಕಮಕಿ ಎಳೆದುಕೊಳ್ಳುವುದಿಲ್ಲ, ಗಾರೆ ಹಸಿಯಾಗಿಯೇ ಉಳಿಯುತ್ತದೆ. ಅವಸರಕ್ಕೆ ಬಿದ್ದು ಒಂದೇ ದಿನ ಎತ್ತರಕ್ಕೆ ಕಟ್ಟಿದರೆ ಕೆಳಗಿನ ಸಾಲು ಭಾರಕ್ಕೆ ಹೊಟ್ಟೆ ಉಬ್ಬಿಸಿ ಜಾರುತ್ತದೆ. ಅದಕ್ಕೇ ಒಂದೆರಡು ಅಡಿ ಕಟ್ಟುವುದು, ಬಿಗಿಯುವವರೆಗೆ ಕಾಯುವುದು, ಮತ್ತೆ ಕಟ್ಟುವುದು. ಹಳೆಯ ಚರ್ಚಿನ ಗೋಡೆಯನ್ನು ಬೆಳಗ್ಗೆಯ ಓರೆ ಬಿಸಿಲಿನಲ್ಲಿ ದೂರದಿಂದ ನೋಡಿದರೆ ಈ ಹಂತಗಳು ಅಡ್ಡಗೆರೆಯಾಗಿ ಕಾಣುತ್ತವೆ. ಗೋಡೆಯ ದಪ್ಪ ಸುಮಾರು ಮೂರು ಅಡಿ. ಎರಡು ಮುಖಕ್ಕೂ ಆರಿಸಿದ ಕಲ್ಲು, ಹೊಟ್ಟೆಯೊಳಗೆ ಚೂರುಕಲ್ಲು ಮತ್ತು ಸುಣ್ಣದ ಗಾರೆ. ದಪ್ಪ ಸಂದುಗಳಿಗೆ ಚಕಮಕಿಯ ಚಕ್ಕೆಗಳನ್ನೇ ಒತ್ತಿ ಸಿಕ್ಕಿಸುತ್ತಾರೆ; ಗಾರೆ ಕುಗ್ಗಿ ಬಿರುಕು ಬಿಡುವುದು ಅದರಿಂದ ಕಡಿಮೆಯಾಗುತ್ತದೆ.

ಈ ಗೋಡೆಗೆ ಮಳೆ ಹೊಡೆದರೆ ನೀರು ಕಲ್ಲಿನ ಮುಖದ ಮೇಲೆ ಜಾರಿ ಸಂದಿಗೆ ಇಳಿಯುತ್ತದೆ. ಸಂದಿನಲ್ಲಿ ಸುಣ್ಣದ ಗಾರೆ ಇದ್ದರೆ ಅದು ನೀರನ್ನು ಹೀರಿ, ಬಿಸಿಲು ಗಾಳಿ ಬಂದಾಗ ಅದೇ ದಾರಿಯಲ್ಲಿ ಹೊರಗೆ ಬಿಡುತ್ತದೆ. ಇಡೀ ಗೋಡೆಯಲ್ಲಿ ಉಸಿರಾಡುವ ಜಾಗ ಸಂದು ಮಾತ್ರ. ಇಪ್ಪತ್ತನೇ ಶತಮಾನದಲ್ಲಿ ಆ ಸಂದುಗಳಿಗೆ ಸಿಮೆಂಟ್ ತುಂಬಿದರು. ಸಿಮೆಂಟ್ ಗಡುಸು, ಗೋಡೆ ಸ್ವಲ್ಪ ಅಲುಗಿದರೂ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಹೊಟ್ಟೆಯೊಳಗಿನ ಹಳೆಯ ಗಾರೆ ನೆನೆದು ಮಣ್ಣಿನ ಹಾಗಾಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ನೂಕುತ್ತದೆ, ಕೊನೆಗೆ ಹೊರಮುಖದ ಕಲ್ಲುಗಳು ಸಿಮೆಂಟ್ ಸಮೇತ ಒಂದು ಹಾಳೆಯಂತೆ ಕಳಚಿ ಬೀಳುತ್ತವೆ. ಬೀಳುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಆ ಭಾಗ ಟೊಳ್ಳು ಸದ್ದು ಮಾಡುತ್ತದೆ. ನಮ್ಮ ಮನೆಗಳ ಸಿಮೆಂಟ್ ಗಿಲಾವನ್ನೂ ಹೀಗೇ ತಟ್ಟಿ ನೋಡಬಹುದು. ಮಣ್ಣಿನ ಅಥವಾ ಸುಣ್ಣಗಾರೆಯ ಗೋಡೆಯ ಮೇಲೆ ಸಿಮೆಂಟ್ ಕೂತಿದ್ದರೆ ಎರಡು ಮೂರು ಮಳೆಗಾಲದೊಳಗೆ ಟೊಳ್ಳು ಸದ್ದು ಕೇಳುವ ಸಂಭವವೇ ಹೆಚ್ಚು.

ದುರಸ್ತಿಯ ಕ್ರಮ ಅಲ್ಲೂ ಇಲ್ಲೂ ಒಂದೇ, ಆದರೆ ತಾಳ್ಮೆ ಬೇಕು. ಸಡಿಲವಾದ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಒಂದಿಂಚಿಗೆ ಕಡಿಮೆಯಾಗದಂತೆ, ಕೈ ಉಳಿಯಿಂದ ತೆಗೆಯಬೇಕು. ಯಂತ್ರದ ಗರಗಸ ಹಾಕಿದರೆ ಕಲ್ಲಿನ ಅಂಚು ಹೋಗುತ್ತದೆ. ಹಳೆಯ ಸಿಮೆಂಟ್ ಕಲ್ಲಿಗೆ ಗಟ್ಟಿಯಾಗಿ ಕಚ್ಚಿದ್ದು, ಕಿತ್ತರೆ ಕಲ್ಲಿನ ಮುಖವೇ ಕಿತ್ತು ಬರುವಂತಿದ್ದರೆ ಅದನ್ನು ಮುಟ್ಟದೆ ಬಿಡುವುದೇ ಸರಿ. ಅದು ತಾನಾಗಿ ಸಡಿಲವಾಗುವವರೆಗೆ ಕಾಯಬೇಕು. ಧೂಳು ಗುಡಿಸಿ, ಹಿಂದಿನ ರಾತ್ರಿಯಿಂದಲೇ ನೀರು ಚಿಮುಕಿಸಿ ಗೋಡೆ ತಣಿಸಬೇಕು. ಗಾರೆಗೆ ಒಂದು ಪಾಲು ಕೊಳೆಸಿದ ಸುಣ್ಣ, ಮೂರು ಪಾಲು ಮರಳು. ಸುಣ್ಣವನ್ನು ಅರಳಿಸಿ ನೀರಿನಡಿಯಲ್ಲಿ ಕನಿಷ್ಠ ಮೂರು ತಿಂಗಳು ಇಟ್ಟಿರಬೇಕು, ಇಲ್ಲವಾದರೆ ಅರಳದೆ ಉಳಿದ ಕಾಳುಗಳು ಗೋಡೆಯಲ್ಲಿ ಕೂತ ಮೇಲೆ ಅರಳಿ ಗುಳಿ ಬೀಳಿಸುತ್ತವೆ. ಮರಳು ಅಂಗೈಯಲ್ಲಿ ಉಜ್ಜಿದರೆ ಚುಚ್ಚುವಂತಿರಬೇಕು, ದೊಡ್ಡ ಸಣ್ಣ ಕಾಳು ಬೆರೆತಿರಬೇಕು. ನುಣುಪು ಮರಳಿನ ಗಾರೆ ಒಣಗುವಾಗ ಸೀಳುತ್ತದೆ. ತುಂಬಿದ ಮೇಲೆ ಹೆಬ್ಬೆರಳೊತ್ತಿದರೆ ಗುರುತು ಬೀಳದಷ್ಟು ಬಿಗಿದಾಗ ಗಡುಸು ಬ್ರಷ್ಷಿನಿಂದ ಕುಟ್ಟಬೇಕು. ಆಗ ಮೇಲಿನ ನುಣುಪು ಹೊರೆ ಹೋಗಿ ಮರಳಿನ ಕಾಳು ಕಾಣಿಸುತ್ತದೆ, ಗಾಳಿ ಒಳಗೆ ಹೋಗಿ ಸುಣ್ಣ ಗಟ್ಟಿಯಾಗುತ್ತದೆ. ಮೇಲೆ ಒದ್ದೆ ಗೋಣಿ ಇಳಿಬಿಟ್ಟು ವಾರವಾದರೂ ಕಾಯಬೇಕು. ಅಲ್ಲಿ 5 ಡಿಗ್ರಿಗಿಂತ ಕಡಿಮೆ ಚಳಿ ಇದ್ದರೆ ಈ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಬಿಸಿಲಿಗೆ ಗಾರೆ ಬಿಗಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಮೇ ತಿಂಗಳಲ್ಲಿ ಶುರು ಮಾಡಿದರೆ ಗಟ್ಟಿಯಾಗುವ ಮೊದಲೇ ಮಳೆ ಬಂದು ತೊಳೆದು ಹೋಗುತ್ತದೆ.

ನಮ್ಮ ಹಿರಿಯರ ಗಾರೆ ಗಾಣದಲ್ಲಿ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರುತ್ತಿತ್ತು. ಅವರಲ್ಲಿ ಹೊರಗೋಡೆಯ ಸುಣ್ಣಕ್ಕೆ ಪ್ರಾಣಿಯ ಕೊಬ್ಬು ಸೇರಿಸುತ್ತಿದ್ದರು, ನೀರು ಜಾರಲಿ ಎಂದು. ಎರಡೂ ಕಡೆ ಗುರಿ ಒಂದೇ ಆಗಿತ್ತು.

ಸಫೋಕ್‌ನ ಕುಶಲತೆಯ ತುದಿ ಕಾಣಬೇಕಾದರೆ ಲಾಂಗ್ ಮೆಲ್‌ಫರ್ಡ್‌ನ ಹೋಲಿ ಟ್ರಿನಿಟಿ ಚರ್ಚಿಗೆ ಹೋಗಬೇಕು. ಚಕಮಕಿಯನ್ನು ಸುತ್ತಿಗೆಯಿಂದ ಸೀಳಿ, ಕಪ್ಪು ಮುಖ ಹೊರಗೆ ಬರುವಂತೆ ಚೌಕ ಮಾಡಿ, ಬಿಳಿ ಸುಣ್ಣಕಲ್ಲಿನಲ್ಲಿ ಕೊರೆದ ಗುಳಿಗಳಿಗೆ ಒಂದರ ಪಕ್ಕ ಒಂದು ಕೂರಿಸಿದ್ದಾರೆ. ಕಪ್ಪು ಬಿಳುಪಿನ ರಂಗೋಲಿಯಂತೆ ಇರುತ್ತದೆ, ಗೋಡೆಯ ಮಟ್ಟಕ್ಕೇ ಸಪಾಟು. ಈ ಚರ್ಚಿನಲ್ಲಿ ಅದೇ ಕೆಲಸದಲ್ಲಿ ಅಕ್ಷರಗಳನ್ನೂ ಬರೆದಿದ್ದಾರೆ: ಹಣ ಕೊಟ್ಟವರ ಹೆಸರು, ಅವರ ಆತ್ಮಕ್ಕಾಗಿ ಪ್ರಾರ್ಥಿಸಿ ಎಂಬ ಕೋರಿಕೆ. ಉಣ್ಣೆ ಬಟ್ಟೆಯ ವ್ಯಾಪಾರದಲ್ಲಿ ಗಳಿಸಿದವರ ದುಡ್ಡದು. ಹದಿನೈದನೇ ಶತಮಾನದ ಕೊನೆಯ ಭಾಗದ ಕಟ್ಟಡ, ಆದರೆ ಗೋಪುರ ಆ ಕಾಲದ್ದಲ್ಲ. ಹಳೆಯದಕ್ಕೆ ಹದಿನೆಂಟನೇ ಶತಮಾನದ ಆರಂಭದಲ್ಲಿ ಸಿಡಿಲು ಬಡಿಯಿತು, ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು, ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಜಿ. ಎಫ್. ಬೋಡ್ಲಿ ಎಂಬ ವಾಸ್ತುಶಿಲ್ಪಿ ಆ ಇಟ್ಟಿಗೆಗೆ ಚಕಮಕಿಯ ಹೊದಿಕೆ ಕೊಟ್ಟ.

ಗೋಡೆಯ ವಯಸ್ಸು ತಿಳಿಯಲು ಸುಲಭದ ದಾರಿ ಕಿಟಕಿ. ಅರ್ಧಚಂದ್ರದ ಕಮಾನು, ಸಣ್ಣ ಕಿಂಡಿ ಇದ್ದರೆ ಹನ್ನೆರಡನೇ ಶತಮಾನ ಅಥವಾ ಅದಕ್ಕೂ ಮೊದಲು. ಭರ್ಜಿಯ ಮೊನೆಯಂತೆ ಸಪೂರ, ಚೂಪು ಕಮಾನು ಇದ್ದರೆ ಹದಿಮೂರನೆಯದ್ದು. ಕಮಾನಿನೊಳಗೆ ಕಲ್ಲಿನ ಬಳ್ಳಿ ತಿರುಚಿಕೊಂಡು ಹರಿದಿದ್ದರೆ 1290ರಿಂದ 1350ರ ಆಸುಪಾಸು. ನೆಟ್ಟಗಿನ ಕಲ್ಲಿನ ಕಂಬಿಗಳು ಕೆಳಗಿನಿಂದ ಮೇಲಿನವರೆಗೆ ಓಡಿ, ಗೋಡೆಗಿಂತ ಗಾಜೇ ಹೆಚ್ಚಾಗಿದ್ದರೆ ಅದರ ನಂತರದ್ದು. ಈ ಕೊನೆಯ ಎರಡರ ನಡುವೆ 1348–49ರ ಪ್ಲೇಗ್ ಮಹಾಮಾರಿ ಇದೆ, ಕಲ್ಲುಕುಟಿಗರೇ ಉಳಿಯದ ಕಾಲ. ಒಂದೇ ಚರ್ಚಿನಲ್ಲಿ ನಾಲ್ಕೂ ಬಗೆ ಸಿಗಬಹುದು. ಆಗ ಅತಿ ಹಳೆಯ ಕಿಟಕಿ ಗೋಡೆಯ ವಯಸ್ಸು ಹೇಳುತ್ತದೆ, ಹೊಸದು ಊರಿಗೆ ದುಡ್ಡು ಬಂದ ಕಾಲವನ್ನು ಹೇಳುತ್ತದೆ. ಗೋಪುರದ ಪೂರ್ವ ಮುಖದಲ್ಲಿ ತಲೆಕೆಳಗಾದ ವಿ ಆಕಾರದ ಗೆರೆ ಕಂಡರೆ ಅದು ಹಿಂದಿನ ಕಡಿದಾದ ಹುಲ್ಲಿನ ಚಾವಣಿ ಕೂತಿದ್ದ ಜಾಗ. ಆಮೇಲೆ ಗೋಡೆ ಎತ್ತರಿಸಿ, ಮೇಲ್ಸಾಲು ಕಿಟಕಿ ಇಟ್ಟು, ಸಪಾಟಾದ ಸೀಸದ ಚಾವಣಿ ಹಾಕಿದ್ದಾರೆ.

ಈ ಲೆಕ್ಕವನ್ನು ನಮ್ಮ ಕಡೆ ತರುವಾಗ ಎಚ್ಚರ ಬೇಕು. ಮಡಿಕೇರಿ ಕೋಟೆಯೊಳಗೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ ಆಗಿರುವ ಸೇಂಟ್ ಮಾರ್ಕ್ಸ್ ಚರ್ಚಿನ ಕಮಾನುಗಳು ಹದಿಮೂರನೇ ಶತಮಾನದ್ದರಂತೆ ಚೂಪಾಗಿವೆ, ಆದರೆ ಕಟ್ಟಿದ್ದು 1859ರಲ್ಲಿ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲಿನ ಮಾತು. ಇಂಗ್ಲೆಂಡಿನಲ್ಲೇ ಆಗ ಹಳೆಯ ಶೈಲಿಯನ್ನು ಮತ್ತೆ ಎತ್ತಿಕೊಂಡಿದ್ದ ಕಾಲ, ಅದರ ಅಲೆ ಇಲ್ಲಿಗೂ ಬಂತು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ ನೆಲೆ ಕಂಡದ್ದು. ಅಲ್ಲಿ ನೋಡುವ ಚೂಪು ಕಮಾನನ್ನೂ ಹೀಗೇ ಓದಬೇಕು. ಕಮಾನಿನ ಆಕಾರಕ್ಕಿಂತ ಕಲ್ಲಿನ ಅಂಚು, ಉಳಿಯ ಗುರುತು, ಗಾರೆಯ ಬಣ್ಣ ನಂಬಿಕಸ್ತ ಸಾಕ್ಷಿ.

ಇನ್ನು ಚಾವಣಿ. ಕಡಿದಾದ ಇಳಿಜಾರಿನಲ್ಲಿ ಸೀಸದ ಹಾಳೆ ತನ್ನ ಭಾರಕ್ಕೆ ತಾನೇ ನಿಧಾನಕ್ಕೆ ಜಾರುತ್ತದೆ, ಅದಕ್ಕೆ ಇಳಿಜಾರು ಕಡಿಮೆ ಇಟ್ಟು ಓಕ್ ಹಲಗೆಗಳ ಮೇಲೆ ಹಾಸುತ್ತಾರೆ. ಹಾಳೆ ದೊಡ್ಡದಾದಷ್ಟೂ ತೊಂದರೆ: ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಕೊನೆಗೆ ಮಡಿಕೆಯಲ್ಲಿ ಸೀಳುತ್ತದೆ. ಸಣ್ಣ ಹಾಳೆಗಳನ್ನು ಮರದ ದಿಂಡಿನ ಮೇಲೆ ಸುತ್ತಿ ಸೇರಿಸಿ, ಅಲುಗಾಡಲು ಜಾಗ ಬಿಟ್ಟರೆ ನೂರಾರು ವರ್ಷ ಬಾಳುತ್ತದೆ. ಇತ್ತೀಚಿನ ದೊಡ್ಡ ಕಾಟ ಕಳ್ಳರು. ರಾತ್ರೋರಾತ್ರಿ ಸೀಸ ಸುಲಿದುಕೊಂಡು ಹೋಗುತ್ತಾರೆ, ಊರಿಗೆ ಗೊತ್ತಾಗುವುದು ಮುಂದಿನ ಮಳೆಗೆ ಒಳಗೆ ಸೋರಿದಾಗ. ಅದಕ್ಕೇ ಹಲವು ಕಡೆ ಈಗ ಬೂದುಬಣ್ಣದ ಲೇಪ ಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತಿದ್ದಾರೆ. ನೋಡಲು ಸೀಸದಂತೆಯೇ ಇರುತ್ತದೆ, ಮಾರಲು ಹೋದರೆ ಬೆಲೆ ಇಲ್ಲ.

ಚಾವಣಿಯ ನೀರು ಮೊದಲು ಕಲ್ಲಿನ ಪ್ರಾಣಿಮುಖಗಳ ಬಾಯಿಂದ ದೂರಕ್ಕೆ ಚಿಮ್ಮುತ್ತಿತ್ತು. ನಂತರ ಎರಕದ ಕಬ್ಬಿಣದ ಪೈಪು ಬಂತು. ಪೈಪಿನಲ್ಲಿ ನೋಡಬೇಕಾದದ್ದು ಅದರ ಬೆನ್ನು. ಗೋಡೆಗೆ ಅಂಟಿಸಿ ಕೂರಿಸಿದರೆ ಹಿಂಬದಿಗೆ ಬಣ್ಣ ಬಳಿಯಲು ಆಗುವುದಿಲ್ಲ, ತುಕ್ಕು ಹಿಡಿದು ಸೀಳುತ್ತದೆ, ಮುಂದಿನಿಂದ ನೋಡಿದರೆ ಪೈಪು ಹೊಸದರಂತೆ ಇರುತ್ತದೆ. ಗೋಡೆಯ ಮೇಲೆ ಉದ್ದಕ್ಕೆ ಹಸಿರು ಪಾಚಿಯ ಪಟ್ಟೆ ಕಂಡರೆ ಆ ಪೈಪಿನ ಬೆನ್ನು ಒಡೆದಿದೆ ಎಂದೇ ಅರ್ಥ. ಬೆರಳು ತೂರುವಷ್ಟು ಜಾಗ ಬಿಟ್ಟು ಕೂರಿಸಬೇಕು. ಸೂರಿನ ನೀರು ಹಿಡಿಯುವ ದೋಣಿ, ಪೈಪುಗಳನ್ನು ಅಲ್ಲಿ ಎಲೆ ಉದುರಿದ ಮೇಲೊಮ್ಮೆ, ವಸಂತದಲ್ಲೊಮ್ಮೆ ಗುಡಿಸುತ್ತಾರೆ. ತೋಟದ ನಡುವಿನ ನಮ್ಮ ಮನೆಗಳಿಗೆ ಎರಡು ಸಲ ಸಾಲದು. ಸಿಲ್ವರ್ ಓಕ್ ಎಲೆ ದೋಣಿಯಲ್ಲಿ ಚಾಪೆಯಂತೆ ಹಾಸಿಕೊಳ್ಳುತ್ತದೆ; ಮೇ ಕೊನೆಗೆ, ಜುಲೈ ನಡುವೆ, ತುಲಾ ಸಂಕ್ರಮಣದ ಹೊತ್ತಿಗೆ ಹೀಗೆ ಮೂರು ಸಲವಾದರೂ ಏಣಿ ಹಾಕಬೇಕು. ಸೋರುವ ಜಾಗ ಹುಡುಕಲು ಜೋರು ಮಳೆಯಲ್ಲೇ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿ. ಒಣ ದಿನ ನೋಡಿದರೆ ಏನೂ ತಿಳಿಯುವುದಿಲ್ಲ.

1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಒತ್ತಿ ಹೇಳಿದ್ದೂ ಇದನ್ನೇ: ದಿನದಿನದ ಆರೈಕೆಯಿಂದ ಶಿಥಿಲವಾಗುವುದನ್ನು ತಡೆಯಬೇಕು, ಹೊಸದಾಗಿ ಕಾಣಿಸಲು ಕೆರೆದು ತಿದ್ದಬಾರದು. 1955ರಿಂದ ಇಂಗ್ಲೆಂಡಿನ ಚರ್ಚ್ ಕಾನೂನಿನಂತೆ ಪ್ರತಿ ಚರ್ಚನ್ನೂ ಐದು ವರ್ಷಕ್ಕೊಮ್ಮೆ ಪರಿಣತರು ಪರೀಕ್ಷಿಸಿ ವರದಿ ಕೊಡಬೇಕು. ಕೊಡಗಿನ ಐನ್‌ಮನೆಗಳಿಗೂ, ಅಂದರೆ ಕುಲದ ಮೂಲಮನೆಗಳಿಗೂ, ಒಕ್ಕದವರೆಲ್ಲ (ಆ ಕುಲದವರೆಲ್ಲ) ಸೇರಿ ಇಂಥದೊಂದು ಪದ್ಧತಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೇಗೂ ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿ ಸೇರುತ್ತಾರೆ. ಕೈಯಾಲೆಯ (ಮುಂಜಗಲಿಯ) ಕಂಬದ ಬುಡ, ಸೂರಿನ ತುದಿ, ಜಂತಿಯ ಮೂಲೆ ನೋಡಲು ಒಂದು ಗಂಟೆ ಸಾಕು.

ಚಾವಣಿಯ ಖರ್ಚು ಹೊರಲಾರದ ಊರುಗಳೂ ಇದ್ದವು. ಕಡಲ ದಂಡೆಯ ಕೋವ್‌ಹೈತ್‌ನಲ್ಲಿ ಭಾರೀ ಚರ್ಚಿನ ಚಾವಣಿ ತೆಗೆದು, ಗೋಡೆಗಳನ್ನು ಹಾಗೇ ಬಿಟ್ಟು, 1672ರಲ್ಲಿ ಅದರೊಳಗೇ ಹುಲ್ಲು ಹೊದಿಸಿದ ಪುಟ್ಟ ಚರ್ಚ್ ಕಟ್ಟಿಕೊಂಡರು. ಅಪ್ಪನ ಕೋಟು ತೊಟ್ಟ ಮಗುವಿನಂತೆ ನಿಂತಿದೆ, ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ.

ಗೋಡೆಯ ಬುಡಕ್ಕೆ ಬರೋಣ. ಹಳೆಯ ಚರ್ಚಿಗೆ ಹೋದರೆ ಅಂಗಳದಿಂದ ಮೆಟ್ಟಿಲಿಳಿದು ಒಳಗೆ ಹೋಗುವಂತಿರುತ್ತದೆ. ಚರ್ಚ್ ಕುಸಿದಿಲ್ಲ. ಎಂಟುನೂರು ವರ್ಷ ಸುತ್ತಲೂ ಶವಗಳನ್ನು ಹೂಳುತ್ತಾ ಬಂದು ಅಂಗಳದ ನೆಲವೇ ಮೇಲೇರಿದೆ. ಏರಿದ ಮಣ್ಣು ಗೋಡೆಗೆ ಒರಗಿ ಅದರ ತೇವ ಒಳಗೆ ಇಳಿಯುತ್ತದೆ. ಅದಕ್ಕೆ ಗೋಡೆಯ ಸುತ್ತ ಕಾಲುವೆ ತೋಡಿ ಮಣ್ಣನ್ನು ದೂರ ಮಾಡಿದ್ದಾರೆ. ಅದರಲ್ಲೂ ತಪ್ಪು ಆಗುತ್ತದೆ: ಬುನಾದಿಗಿಂತ ಆಳ ತೋಡಿದರೆ ಗೋಡೆಯೇ ಕೂರುತ್ತದೆ, ಕಾಲುವೆಯ ನೀರು ಹೊರಗೆ ಹೋಗಲು ಇಳಿಜಾರು ಕೊಡದಿದ್ದರೆ ಗೋಡೆಯ ಬುಡದಲ್ಲೇ ಕೆರೆ ಕಟ್ಟಿದಂತಾಗುತ್ತದೆ. ನಮ್ಮ ಪೇಟೆ ಬೀದಿಗಳಲ್ಲಿ ಶವಗಳ ಬದಲು ಡಾಂಬರು ಈ ಕೆಲಸ ಮಾಡುತ್ತಿದೆ. ಹಳೆಯದನ್ನು ಕೆರೆಯದೆ ಪದರದ ಮೇಲೆ ಪದರ ಹಾಕಿ ರಸ್ತೆ ಏರಿಸುತ್ತಾರೆ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ರಸ್ತೆಯಿಂದ ನೀರು ನುಗ್ಗುತ್ತದೆ. ಗೋಡೆಯ ಹೊರನೆಲ ಒಳನೆಲಕ್ಕಿಂತ ಆರಿಂಚಾದರೂ ಕೆಳಗಿರಬೇಕು. ಥಂಡಿಗೆ ಮದ್ದು ಹುಡುಕುವವರು ಬಣ್ಣದಂಗಡಿಗೆ ಹೋಗುವ ಮೊದಲು ಈ ಆರಿಂಚನ್ನು ಅಳೆಯಲಿ.

ಬೀದಿ ನೋಡಬೇಕಾದರೆ ಲ್ಯಾವನ್‌ಹ್ಯಾಮ್. ನೀಲಿ ಬಣ್ಣದ ಉಣ್ಣೆ ಬಟ್ಟೆಗೆ ಹೆಸರಾಗಿದ್ದ ಊರು. 1524ರ ತೆರಿಗೆ ಲೆಕ್ಕದಲ್ಲಿ ಇಡೀ ಇಂಗ್ಲೆಂಡಿನಲ್ಲಿ ಹದಿನಾಲ್ಕನೇ ಶ್ರೀಮಂತ ಊರಾಗಿತ್ತು. ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ ಮತ್ತು ಆಕ್ಸ್‌ಫರ್ಡ್‌ನ ಅರ್ಲ್ ಜಾನ್ ಡಿ ವೇರ್ ಕೊಟ್ಟ ಹಣದಿಂದ ಎದ್ದ ಚರ್ಚ್ ಗೋಪುರ 141 ಅಡಿ ಎತ್ತರ. ಗೋಪುರದ ಕಲ್ಲಿನಲ್ಲಿ ಡಿ ವೇರ್ ಮನೆತನದ ನಕ್ಷತ್ರ ಹುಡುಕಿದರೆ ಸಿಗುತ್ತದೆ. ಆಮೇಲೆ ಬಟ್ಟೆ ವ್ಯಾಪಾರ ಬಿದ್ದುಹೋಯಿತು. ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿರಲಿಲ್ಲ, ಹಾಗಾಗಿ 300ಕ್ಕೂ ಹೆಚ್ಚು ಹಳೆಯ ಕಟ್ಟಡಗಳು ಉಳಿದವು.

ಈ ಮನೆಗಳು ಮರದ ಚೌಕಟ್ಟಿನವು. ಇಟ್ಟಿಗೆ ಅಥವಾ ಚಕಮಕಿಯ ಕಿರುಗಟ್ಟೆ, ಅದರ ಮೇಲೆ ಉದ್ದಕ್ಕೆ ಮಲಗಿಸಿದ ಅಡಿತೊಲೆ, ಅದರ ಮೇಲೆ ನಿಂತ ಕಂಬಗಳು. ಕಂಬಗಳ ನಡುವೆ ಹೇಜಲ್ ಕಡ್ಡಿಯ ತಡಿಕೆ, ಅದಕ್ಕೆ ಜೇಡಿ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ ಗೋಡೆ. ಕಂಬಗಳು ಒತ್ತೊತ್ತಾಗಿ ನಿಂತಿದ್ದರೆ ಮನೆಯವರು ಸ್ಥಿತಿವಂತರು ಎಂದು ತಿಳಿಯಬೇಕು, ಅಷ್ಟು ಮರ ಬೇಕಿರಲಿಲ್ಲ, ತೋರಿಕೆಗೆ ಹಾಕಿದ್ದು. ಓಕ್ ಮರ ಒಣಗಿದರೆ ಉಳಿಗೆ ಬಗ್ಗುವುದಿಲ್ಲ, ಆದ್ದರಿಂದ ಹಸಿಯಾಗಿದ್ದಾಗಲೇ ಕೊರೆದು ಕೂಡಿಸುತ್ತಿದ್ದರು. ಗೋಡೆಯಲ್ಲಿ ನಿಂತ ಮೇಲೆ ಅದು ಒಣಗಿ ತಿರುಚಿಕೊಂಡಿತು. ಲ್ಯಾವನ್‌ಹ್ಯಾಮ್‌ನ ಮನೆಗಳು ವಾಲಿದಂತೆ ಕಾಣುವುದು ಬಹುಮಟ್ಟಿಗೆ ಇದರಿಂದ. ಕೂಡುಗಳಿಗೆ ಕಬ್ಬಿಣದ ಮೊಳೆ ಇಲ್ಲ. ಓಕ್ ಮರದ ಒಗರು ಕಬ್ಬಿಣವನ್ನು ತಿನ್ನುತ್ತದೆ. ಮರದ ಗೂಟವನ್ನೇ ಹೊಡೆದಿದ್ದಾರೆ, ಅದೂ ಎರಡು ತೂತುಗಳನ್ನು ಕೂದಲೆಳೆಯಷ್ಟು ಸರಿಸಿ ಕೊರೆದು, ಗೂಟ ಹೊಡೆದಂತೆ ಕೂಡು ತಾನೇ ಬಿಗಿಯುವಂತೆ. ಕೂಡಿನ ಹತ್ತಿರ ಕಣ್ಣಿಟ್ಟು ನೋಡಿದರೆ ಉಳಿಯಿಂದ ಗೀರಿದ ರೋಮನ್ ಅಂಕಿಗಳಿವೆ. ಬಡಗಿಗಳು ತಮ್ಮ ಅಂಗಳದಲ್ಲಿ ಇಡೀ ಚೌಕಟ್ಟು ಜೋಡಿಸಿ, ಗುರುತು ಹಾಕಿ, ಬಿಚ್ಚಿ ಗಾಡಿಯಲ್ಲಿ ತಂದು ಮತ್ತೆ ನಿಲ್ಲಿಸಿದ್ದರ ಕುರುಹು.

ಇವುಗಳಲ್ಲಿ ಮೊದಲು ಕೊಳೆಯುವುದು ಅಡಿತೊಲೆ. ಮೇಲೆ ಸಿಮೆಂಟ್ ಬಳಿದರೆ ಒಳಹೊಕ್ಕ ನೀರು ಸಿಮೆಂಟಿನ ಹಿಂದೆಯೇ ಇಳಿದು ಅಡಿತೊಲೆಯ ಮೇಲೆ ನಿಲ್ಲುತ್ತದೆ. ಹೊರಗಿನಿಂದ ಗೋಡೆ ಅಚ್ಚುಕಟ್ಟಾಗಿದ್ದರೂ ತೊಲೆ ಒಳಗೊಳಗೇ ರವೆಯಾಗಿರುತ್ತದೆ. ಸುಣ್ಣ ಬಳಿದ ಗೋಡೆಗೆ ಈ ಕಷ್ಟ ಇಲ್ಲ. ಸಫೋಕ್ ಗುಲಾಬಿ ಎಂದೇ ಹೆಸರಾದ ಗೋಡೆಬಣ್ಣ ಬಂದದ್ದು ಸುಣ್ಣಕ್ಕೆ ಕೆಮ್ಮಣ್ಣಿನ ಪುಡಿ ಸೇರಿಸಿ. ಎತ್ತಿನ ರಕ್ತ ಸೇರಿಸುತ್ತಿದ್ದರು ಎಂಬ ಮಾತೂ ಊರಿನಲ್ಲಿದೆ. ಬಳಿಯುವ ಸುಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಬಳಿದಾಗ ಏನೂ ಕಾಣದು, ಒಣಗುತ್ತಾ ಬಿಳುಪಾಗುತ್ತದೆ. ಅದು ಕಾಣದೆಂದು ದಪ್ಪಗೆ ಬಳಿದರೆ ಬಿರುಕು ಬಿಟ್ಟು ಬಟ್ಟೆಗೆ ಹತ್ತುತ್ತದೆ. ಗೋಡೆ ನೆನೆಸಿ, ದಿನಕ್ಕೊಂದು ಕೈಯಂತೆ ನಾಲ್ಕೈದು ಕೈ. ಸುಣ್ಣದಕಲ್ಲು ಅರಳಿಸುವಾಗ ನೀರಿಗೆ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿದರೆ ಕಣ್ಣು ಹೋಗುತ್ತದೆ, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ.

ಲ್ಯಾವನ್‌ಹ್ಯಾಮ್‌ನ ವಾಟರ್ ಸ್ಟ್ರೀಟ್ ಅಡಿಯಲ್ಲಿ ಸುಮಾರು 500 ವರ್ಷ ಹಿಂದಿನ ಇಟ್ಟಿಗೆ ಕಮಾನಿನ ಮೋರಿ ಇದೆ, ಹಳ್ಳವನ್ನು ಅದರೊಳಗೆ ಹರಿಸಿ ಮೇಲೆ ಬೀದಿ ಮಾಡಿದ್ದಾರೆ. ಕರ್ಸಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹಳ್ಳ ಮುಖ್ಯ ಬೀದಿಯನ್ನೇ ಅಡ್ಡ ಹಾಯುತ್ತದೆ, ಕಾರುಗಳು ನೀರಿನಲ್ಲೇ ದಾಟುತ್ತವೆ, ನಡೆಯುವವರಿಗೆ ಪಕ್ಕದಲ್ಲಿ ಕಿರುಸೇತುವೆ. ಬೀದಿಯ ಎರಡೂ ಕಡೆಯ ಇಳಿಜಾರಿನ ನೀರು ಹಳ್ಳಕ್ಕೇ ಇಳಿಯುತ್ತದೆ, ಚರ್ಚ್ ಗುಡ್ಡದ ತಲೆಯಲ್ಲಿ ಒಣಗಿ ನಿಂತಿದೆ. ನನಗೆ ಇಡೀ ಕೌಂಟಿಯಲ್ಲಿ ಅತಿ ಅಚ್ಚುಕಟ್ಟಾದ ಊರು ಇದು.

ಹೋಗುವವರಿಗೆ: ಲಂಡನ್ ಕಡೆಯಿಂದ ಮಾರ್ಕ್ಸ್ ಟೇಯಲ್ಲಿ ರೈಲು ಬದಲಿಸಿದರೆ ಸಡ್‌ಬರಿ. ಲಾಂಗ್ ಮೆಲ್‌ಫರ್ಡ್, ಲ್ಯಾವನ್‌ಹ್ಯಾಮ್ ಎರಡೂ ಅಲ್ಲಿಂದ ಹತ್ತಿರ. ಭಾನುವಾರ ಹಳ್ಳಿ ಬಸ್ಸು ನಂಬಿಕೊಂಡು ಹೊರಡಬೇಡಿ, ಬೆಳಗ್ಗೆ ಚರ್ಚಿನಲ್ಲಿ ಪ್ರಾರ್ಥನೆಯೂ ಇರುತ್ತದೆ. ಬಾಗಿಲು ಮುಚ್ಚಿದ್ದರೂ ಬೀಗ ಇರಲಿಕ್ಕಿಲ್ಲ. ಕಬ್ಬಿಣದ ಬಳೆಯನ್ನು ತಿರುಗಿಸಿ ಒತ್ತಿ ನೋಡಿ. ಹೊರಗೆ ಜಾಲರಿ ಬಾಗಿಲಿದ್ದರೆ ಮರೆಯದೆ ಮುಚ್ಚಿ, ಹಕ್ಕಿ ಒಳಗೆ ಸಿಕ್ಕಿಕೊಂಡರೆ ಬಾಯಾರಿ ಸಾಯುತ್ತದೆ. ದುರ್ಬೀನು, ಟಾರ್ಚು ಇರಲಿ. ದಕ್ಷಿಣದ ಗೋಡೆಯಲ್ಲಿ ನಡುವೆ ತೂತು, ಸುತ್ತ ಗೀರುಗಳಿರುವ ಅಂಗೈ ಅಗಲದ ಗುರುತು ಕಂಡರೆ ಅದು ಪೂಜೆಯ ಹೊತ್ತು ತಿಳಿಯಲು ಮಾಡಿಕೊಂಡಿದ್ದ ನೆರಳು ಗಡಿಯಾರ. ಒಳಗೆ ಜನ ಕೂರುವ ಉದ್ದ ಭಾಗ ಭವ್ಯವಾಗಿದ್ದು, ಪೂರ್ವದ ಗರ್ಭಭಾಗ ಸಾಧಾರಣವಾಗಿದ್ದರೆ ಆಶ್ಚರ್ಯಪಡಬೇಡಿ. ಮೊದಲಿನದ್ದರ ಖರ್ಚು ಊರವರದ್ದು, ಎರಡನೆಯದ್ದು ಪಾದ್ರಿಯದ್ದಾಗಿತ್ತು.

ಇನ್ನೊಂದು ದಿನ ಇದ್ದರೆ ಕಡಲ ಕಡೆಗೆ, ಬ್ಲೈತ್‌ಬರ್ಗ್‌ಗೆ. ಜೌಗು ಬಯಲಿನ ನಡುವೆ ಹಡಗಿನಂತೆ ನಿಂತ ಚರ್ಚ್. ಚಾವಣಿಯ ತೊಲೆಗಳಿಗೆ ರೆಕ್ಕೆ ಬಿಚ್ಚಿದ ಮರದ ದೇವದೂತರು, ಮೂಲ ಬಣ್ಣ ಅಲ್ಲಲ್ಲಿ ಇನ್ನೂ ಇದೆ. ದೇವದೂತರ ಮೈಯಲ್ಲಿ ಸಿಕ್ಕ ಸೀಸದ ಗುಂಡುಗಳನ್ನು ಕಂಡು 1644ರಲ್ಲಿ ವಿಗ್ರಹ ಒಡೆಯಲು ಬಂದ ವಿಲಿಯಂ ಡೌಸಿಂಗ್‌ನ ಕಡೆಯವರು ಹೊಡೆದದ್ದು ಎನ್ನುತ್ತಿದ್ದರು. ಹದಿನೆಂಟನೇ ಶತಮಾನದ ಚರ್ಚ್ ಲೆಕ್ಕಪುಸ್ತಕದಲ್ಲಿ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ದುಡ್ಡು ಕೊಟ್ಟ ಬರಹವಿದೆ. ಒಳಗೆ ಹಕ್ಕಿ ಸೇರಿದ್ದು ಚಾವಣಿ ತೂತಾಗಿದ್ದರಿಂದ.

ಅಲ್ಲಿಂದ ಹತ್ತಿರದಲ್ಲೇ ವೆನ್‌ಹ್ಯಾಸ್ಟನ್. ಅಲ್ಲಿನ ಚರ್ಚಿನಲ್ಲಿ ಹಲಗೆಗಳ ಮೇಲೆ ಬರೆದ ಅಂತಿಮ ತೀರ್ಪಿನ ಚಿತ್ರವಿದೆ, ಸುಮಾರು 500 ವರ್ಷ ಹಳೆಯದು. ಹದಿನಾರನೇ ಶತಮಾನದ ಧರ್ಮಸುಧಾರಣೆಯಲ್ಲಿ ಅದರ ಮೇಲೆ ಸುಣ್ಣ ಬಳಿದರು, ಚಿತ್ರ ಇದ್ದದ್ದೇ ಮರೆತುಹೋಯಿತು. 1892ರಲ್ಲಿ ದುರಸ್ತಿಗೆಂದು ಆ ಹಲಗೆಗಳನ್ನು ಕಿತ್ತು ಚರ್ಚಿನ ಅಂಗಳದಲ್ಲಿ ಹಾಕಿದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದುಹೋಗಿ ಬೆಳಗ್ಗೆ ಹಲಗೆಯ ಮೇಲೆ ಮುಖಗಳು ಕಾಣಿಸಿಕೊಂಡವು: ತಕ್ಕಡಿ ಹಿಡಿದ ದೇವದೂತ, ಸಮಾಧಿಯಿಂದ ಏಳುವ ಜನ, ಬಾಯ್ದೆರೆದ ನರಕ. ನಡುವೆ ಮೂರು ಕಡೆ ಬಣ್ಣವಿಲ್ಲದ ಖಾಲಿ ಆಕಾರಗಳಿವೆ. ಶಿಲುಬೆ, ಅದರ ಎರಡು ಪಕ್ಕ ಮೇರಿ ಮತ್ತು ಯೋಹಾನರ ಮರದ ಮೂರ್ತಿಗಳು ನಿಂತಿದ್ದ ಜಾಗ ಅದು. ಮೂರ್ತಿಗಳು ಹೋಗಿವೆ, ಅವುಗಳ ಅಂಚಿನವರೆಗೆ ಬಂದು ನಿಂತ ಚಿತ್ರಕಾರನ ಕುಂಚದ ಗೆರೆ ಹಾಗೇ ಇದೆ.